ವಿಯೆಟ್ನಾಮಿಗೆ ಬೈಕ್ ಪ್ರವಾಸ ಹೊರಟಿದ್ದೀರಾ? ಲೈಸೆನ್ಸ್ ಪುಸ್ತಿಕೆಯ ಮೇಲಿನ ಇಸವಿ ಓದಿಕೊಳ್ಳಿ

ಕಳೆದ ತಿಂಗಳು ಬದಿಯಡ್ಕದ ಕಡೆ ಒಂದು ಮದುವೆ ಊಟ. ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕುಳಿತವನು ನನ್ನ ದೊಡ್ಡಪ್ಪನ ಮಗಳ ಮಗ. "ಮಾವ, ನಾವು ನಾಲ್ಕು ಜನ ವಿಯೆಟ್ನಾಮಿಗೆ ಹೊರಟಿದ್ದೇವೆ, ದಕ್ಷಿಣದಿಂದ ಉತ್ತರಕ್ಕೆ ಬೈಕಿನಲ್ಲೇ. ಲೈಸೆನ್ಸ್ ಎಲ್ಲ ಸರಿ ಮಾಡಿಸಿಯಾಗಿದೆ" ಎಂದು ಹೇಳಿ ಮೊಬೈಲಿನಲ್ಲಿ ಅದರ ಫೋಟೊ ತೋರಿಸಿದ. ಎಡಗೈಯಲ್ಲಿ ಹಿಗ್ಗಿಸಿ ನೋಡಿದೆ. 1949 ಎಂದಿತ್ತು. ಸಾರಿನಿಂದ ಪಾಯಸದವರೆಗೆ ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಅವನಂಥವರು ನಮ್ಮ ಊರುಗಳಲ್ಲಿ ಈಗ ಬಹಳ ಮಂದಿ ಇದ್ದಾರೆ.

ನಾನೂ ಭಾವನೂ, ಎಂದರೆ ಹೆಂಡತಿಯ ಅಣ್ಣ, ಹೋದದ್ದು 2023ರ ನವೆಂಬರಿನಲ್ಲಿ. ಆ ವರ್ಷದ ಆಗಸ್ಟಿನಲ್ಲಿ ಕೊಚ್ಚಿಯಿಂದ ಹೋ ಚಿ ಮಿನ್ ನಗರಕ್ಕೆ ನೇರ ವಿಮಾನ ಶುರುವಾಗಿತ್ತು. ಇ-ವೀಸಾದ ಅವಧಿಯನ್ನೂ ಅದೇ ತಿಂಗಳಿನಿಂದ 90 ದಿನಗಳಿಗೆ ಏರಿಸಿದ್ದರು. ಹೋಗಲು ನೆಪವೂ ಇತ್ತು. ಕಾಂಕ್ರೀಟ್ ಕಂಬಗಳಿಗೆ ಬಳ್ಳಿ ಹಬ್ಬಿಸುವ 'ವಿಯೆಟ್ನಾಂ ಮಾದರಿ' ಕಾಳುಮೆಣಸಿನ ಮಾತು ನಮ್ಮ ಕಡೆಯ ಕೃಷಿಕರ ಬಾಯಲ್ಲಿ ಎಷ್ಟು ಓಡಾಡಿದೆಯೆಂಬುದು ನಿಮಗೆ ಗೊತ್ತು. ಜಗತ್ತಿನಲ್ಲೇ ಅತಿ ಹೆಚ್ಚು ಮೆಣಸು ರಫ್ತು ಮಾಡುವ ದೇಶದ ತೋಟಗಳನ್ನು ಕಣ್ಣಾರೆ ನೋಡಿ ಬರೋಣ ಎಂದು ಭಾವ ಹೇಳಿದ. ಅಡಕೆಯ ಕೊಳೆರೋಗಕ್ಕೆ ಕೊನೆಯ ಸುತ್ತಿನ ಬೋರ್ಡೋ ದ್ರಾವಣ ಹೊಡೆದಾಗಿತ್ತು, ಕೊಯ್ಲಿಗೆ ಇನ್ನೂ ದಿನವಿತ್ತು. ಇಬ್ಬರಿಗೂ ಬೈಕಿನ ಹುಚ್ಚು. ಭಾವನಿಗೆ ಐವತ್ತೆರಡು ವರ್ಷ. ಚಾರ್ಮಾಡಿ, ಶಿರಾಡಿ ಘಾಟಿಗಳನ್ನು ಮಳೆಗಾಲದಲ್ಲೂ ಹತ್ತಿ ಇಳಿದವನು. ಅನನುಭವದಿಂದ ಬಿದ್ದೆವು ಎಂದು ಯಾರೂ ತಿಳಿಯಬಾರದು ಎಂದು ಇದನ್ನು ಹೇಳಿದೆ.

ಅರ್ಜಿ ಹಾಕಿ, ಶುಲ್ಕ ಕಟ್ಟಿ, ಅಂತಾರಾಷ್ಟ್ರೀಯ ಚಾಲನಾ ಪರವಾನಗಿಯ ಪುಸ್ತಿಕೆ ತೆಗೆದುಕೊಂಡೆವು. ಕೊಟ್ಟವರದು ತಪ್ಪಿಲ್ಲ, ನಮ್ಮ ದೇಶ ಕೊಡುವುದೇ ಅದನ್ನು. ತೊಡಕಿರುವುದು ಅದರ ಹಿಂದಿನ ಒಪ್ಪಂದದಲ್ಲಿ. ಈ ಪುಸ್ತಿಕೆಗಳಲ್ಲಿ ಮುಖ್ಯವಾಗಿ ಎರಡು ಬಗೆ: 1949ರ ಜಿನೀವಾ ಒಪ್ಪಂದದ್ದು ಒಂದು, 1968ರ ವಿಯೆನ್ನಾ ಒಪ್ಪಂದದ್ದು ಇನ್ನೊಂದು. ಭಾರತ ಮೊದಲನೆಯದರಲ್ಲಿದೆ, 1968ರ ರಸ್ತೆ ಸಂಚಾರ ಒಪ್ಪಂದಕ್ಕೆ ಸೇರಿಲ್ಲ. ವಿಯೆಟ್ನಾಂ 2014ರಲ್ಲಿ ಎರಡನೆಯದಕ್ಕೆ ಸೇರಿತು, ಅದರ ಪುಸ್ತಿಕೆಯನ್ನಷ್ಟೇ ಮಾನ್ಯ ಮಾಡುತ್ತದೆ. ಹಾಗಾಗಿ ನಾವು ಜೋಪಾನವಾಗಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಯ್ದದ್ದಕ್ಕೆ ಅಲ್ಲಿ ಮೂರು ಕಾಸಿನ ಬೆಲೆಯಿಲ್ಲ. ಟಿಕೆಟ್ ಮಾಡಿಸಿದವನಾಗಲಿ, ಪ್ರಯಾಣ ವಿಮೆ ಮಾಡಿಸಿದವನಾಗಲಿ, ಬೈಕ್ ಬಾಡಿಗೆಗೆ ಕೊಟ್ಟವನಾಗಲಿ ಇದನ್ನು ಹೇಳಲಿಲ್ಲ. ಹೇಳಿದರೆ ಮೂವರಿಗೂ ವ್ಯಾಪಾರವಿಲ್ಲ.

ಬಾಡಿಗೆ ಅಂಗಡಿಯಲ್ಲಿ ಎರಡು 150 ಸಿಸಿ ಬೈಕ್ ತೆಗೆದುಕೊಂಡೆವು. ಹೋ ಚಿ ಮಿನ್ ನಗರದಲ್ಲಿ ಪಡೆದು ಹನೋಯಿಯಲ್ಲಿ ಒಪ್ಪಿಸುವ ಕರಾರು. ಠೇವಣಿಯಾಗಿ ದೊಡ್ಡ ಮೊತ್ತದ ನಗದು ಇಡಬೇಕು, ಇಲ್ಲವೇ ಪಾಸ್‌ಪೋರ್ಟ್. ಎಲ್ಲರೂ ಕೊಡುತ್ತಾರೆ ಎಂದು ಅಂಗಡಿಯ ಹುಡುಗಿ ನಗುತ್ತ ಡ್ರಾಯರ್ ಎಳೆದು ತೋರಿಸಿದಳು. ಒಳಗೆ ರಬ್ಬರ್ ಬ್ಯಾಂಡ್ ಹಾಕಿದ ಪಾಸ್‌ಪೋರ್ಟುಗಳ ಕಟ್ಟು, ರೇಷನ್ ಕಾರ್ಡುಗಳ ಹಾಗೆ. ನಮ್ಮವೂ ಅಲ್ಲಿ ಸೇರಿದವು. ಕರಾರುಪತ್ರ ಅವರ ಭಾಷೆಯಲ್ಲಿತ್ತು. ಅಕ್ಷರ ಇಂಗ್ಲಿಷಿನದೇ, ಆದರೆ ತಲೆಗೂ ಬುಡಕ್ಕೂ ಕೊಂಬು, ಬಾಲ, ಚುಕ್ಕಿ. ಗಡಿನಾಡಿನವರಾದ ನಮಗೆ ಓದಲಾಗದ ಕಾಗದಕ್ಕೆ ಸಹಿ ಹಾಕುವುದು ಹೊಸತೇನಲ್ಲ. ಮಲಯಾಳದಲ್ಲಿ ಅಚ್ಚಾದ ಎಷ್ಟೋ ಅರ್ಜಿಗಳ ಕೆಳಗೆ ಕನ್ನಡದಲ್ಲಿ ಸಹಿ ಹಾಕಿ ಪಳಗಿದ ಕೈ ಇದು. ಹಾಕಿದೆ. ಆಸ್ಪತ್ರೆಯ ಜಗಲಿಯಲ್ಲಿ ಕುಳಿತು ಮೊಬೈಲಿನ ಅನುವಾದ ತೆರೆದಾಗ ತಿಳಿಯಿತು, ಅದರ ನಾಲ್ಕನೆಯ ಸಾಲಿನಲ್ಲಿ 'ನನ್ನ ಬಳಿ ಈ ದೇಶದಲ್ಲಿ ಸಿಂಧುವಾದ ಲೈಸೆನ್ಸ್ ಇದೆ' ಎಂದು ನಾನೇ ಘೋಷಿಸಿದ್ದೆ.

ಎರಡನೆಯ ದಿನವೇ ನಮಗೆ ಸೂಚನೆ ಸಿಕ್ಕಿತ್ತು. ಬಾವೊ ಲೊಕ್ ಪಟ್ಟಣದ ಬಳಿ ಸಂಚಾರ ಪೊಲೀಸರು ನಿಲ್ಲಿಸಿದರು. ಒಬ್ಬ ಎಳೆಯ ಅಧಿಕಾರಿ ಪುಸ್ತಿಕೆಯ ಹೊದಿಕೆಯ ಮೇಲಿದ್ದ 1949ರ ಮೇಲೆ ಬೆರಳಿಟ್ಟ. ತಲೆ ಅಲ್ಲಾಡಿಸಿದ. ತನ್ನ ಅಂಗೈಯ ಮೇಲೆ ಪೆನ್ನಿನಿಂದ 1968 ಎಂದು ಬರೆದು ತೋರಿಸಿದ. ಇದಕ್ಕಿಂತ ಸ್ಪಷ್ಟವಾಗಿ ಯಾರು ತಾನೇ ಹೇಳಬಲ್ಲರು? ನಾವು ಮಾತ್ರ ಅದನ್ನು ಲಂಚ ಕೀಳುವ ಹೊಸ ವರಸೆ ಎಂದುಕೊಂಡು ಹಲ್ಲು ಕಿರಿಯುತ್ತ ನಿಂತೆವು. ಭಾಷೆಯ ಒದ್ದಾಟದಲ್ಲಿ ಸೋತು ಹತ್ತು ನಿಮಿಷದ ಮೇಲೆ ಅವನೇ ಹೋಗಿ ಎಂದು ಕೈ ಬೀಸಿದ. ಮುಂದಿನ ಕಾಫಿ ಅಂಗಡಿಯಲ್ಲಿ ಭಾವ ಅದನ್ನೇ ಹೇಳಿ ನಕ್ಕ, ನಾನೂ ನಕ್ಕೆ. ಆ ಹುಡುಗನ ಕ್ಷಮೆ ಕೇಳಬೇಕೆಂದು ನನಗೆ ಈಗಲೂ ಅನ್ನಿಸುತ್ತದೆ.

ಆಮೇಲಿನ ಐದು ದಿನಗಳ ಬಗ್ಗೆ ದೂರಿಲ್ಲ. ದಾ ಲಾಟ್, ಬುವೊನ್ ಮಾ ಥುವೊತ್, ಕೋನ್ ತುಮ್. ಮಧ್ಯದ ಎತ್ತರದ ಸೀಮೆಯಲ್ಲಿ ನವೆಂಬರ್ ಎಂದರೆ ಒಣ ಹವೆ, ಕಾಫಿ ಕೊಯ್ಲು. ನಾವು ಅಂಗಳದಲ್ಲಿ ಅಡಕೆ ಹರಡುವ ಹಾಗೆ ಅವರು ರಸ್ತೆಯಂಚಿನಲ್ಲೇ ಕಾಫಿ ಹಣ್ಣು ಹರಡುತ್ತಾರೆ. ಮನೆಯೆದುರು ಅಡಕೆ ಮರ, ಹಿತ್ತಿಲಲ್ಲಿ ಬಾಳೆ ಇರಬೇಕೆಂದು ಅವರಲ್ಲಿ ಗಾದೆಯೇ ಇದೆಯಂತೆ. ಮದುವೆಗೆ ವೀಳ್ಯ ಅಡಕೆ ಬೇಕೇ ಬೇಕಂತೆ. ಭಾವ ಮೆಣಸಿನ ಕಂಬಗಳ ನಡುವೆ ಅಳತೆಪಟ್ಟಿ ಹಿಡಿದು ಓಡಾಡಿದ. ಆ ಲೆಕ್ಕದ ಪುಸ್ತಕ ಇನ್ನೂ ಅವನ ಬಳಿಯಿದೆ.

ಇನ್ನು ಮಳೆಯ ವಿಷಯ. ಲೈಸೆನ್ಸಿನ ಹಾಗೆಯೇ ಇದನ್ನೂ ಹೊರಡುವ ಮುನ್ನ ವಿಚಾರಿಸಿಕೊಳ್ಳಬೇಕಿತ್ತು. ನಮ್ಮ ತಲೆಯಲ್ಲಿ ತುಳು ತಿಂಗಳುಗಳಾದ ಆಟಿ, ಸೋಣ ಕಳೆದರೆ ಮಳೆಗಾಲ ಮುಗಿಯಿತು, ನವೆಂಬರಿಗೆ ಆಕಾಶ ತಿಳಿಯಾಯಿತು. ಅಲ್ಲಿ ಹಾಗಲ್ಲ. ದೇಶದ ಬೆನ್ನೆಲುಬಿನಂತೆ ತ್ರುವಾಂಗ್ ಸನ್ ಪರ್ವತಸಾಲು ಇದೆ, ನಮ್ಮ ಘಟ್ಟದ ಹಾಗೆ. ಆದರೆ ಸಮುದ್ರವಿರುವುದು ಅದರ ಪೂರ್ವಕ್ಕೆ. ಈಶಾನ್ಯದ ಮಾರುತ ಬಂದು ಬಡಿಯುವುದು ಆ ಪೂರ್ವದ ಇಳಿಜಾರಿಗೆ. ಹುಯೆ, ದಾ ನಾಂಗ್, ಕ್ವಾಂಗ್ ನಾಮ್ ಕಡೆ ಅಕ್ಟೋಬರ್, ನವೆಂಬರ್ ತಿಂಗಳುಗಳೇ ನೆರೆಯ ಕಾಲ. ನಮ್ಮ ಜುಲೈಯನ್ನು ಎತ್ತಿ ನವೆಂಬರಿನಲ್ಲಿ ಇಟ್ಟಂತೆ. ಒಂದೇ ದಿನ, ಘಾಟಿಯ ಈ ಕಡೆ ಧೂಳು, ಆ ಕಡೆ ಧಾರಾಕಾರ.

ಆ ಘಾಟಿಯ ಹೆಸರು ಲೊ ಸೊ. ಅವರ ಭಾಷೆಯಲ್ಲಿ ಸ್ಪ್ರಿಂಗಿಗೂ ಅದೇ ಪದ, ಹೆಸರಿಗೆ ತಕ್ಕ ತಿರುವುಗಳು. ಬೆಳಿಗ್ಗೆ ಕೋನ್ ತುಮ್‌ನಲ್ಲಿ ಬಿಸಿಲು ಕಾಯಿಸಿಕೊಂಡು ಹೊರಟವರು ಮಧ್ಯಾಹ್ನ ಮಂಜಿನೊಳಗೆ ಇಳಿಯುತ್ತಿದ್ದೆವು. ಗುಡ್ಡದಿಂದ ಕೆಂಪು ಕೆಸರು ರಸ್ತೆಗೆ ಹರಿದಿತ್ತು. ಭಾವ ಮುಂದೆ, ನಾನು ಐವತ್ತು ಅಡಿ ಹಿಂದೆ. ಒಂದು ತಿರುವಿನಲ್ಲಿ ಲಾರಿಯೊಂದು ತನ್ನ ಬದಿ ಬಿಟ್ಟು ನಮ್ಮ ಬದಿಗೆ ಚಾಚಿಕೊಂಡು ಬಂತು. ಅಲ್ಲಿ ವಾಹನ ಓಡುವುದು ರಸ್ತೆಯ ಬಲಬದಿಯಲ್ಲಿ; ಭಾವ ಬಲಕ್ಕೆ ಸರಿಯಬೇಕಿತ್ತು. ಏಳು ದಿನ ಬಲದಲ್ಲೇ ಓಡಿಸಿದ್ದ, ಒಮ್ಮೆಯೂ ತಪ್ಪಿರಲಿಲ್ಲ. ಹೆದರಿದ ಆ ಅರೆಕ್ಷಣದಲ್ಲಿ ಮೂವತ್ತು ವರ್ಷದ ಅಭ್ಯಾಸ ಹ್ಯಾಂಡಲನ್ನು ಎಡಕ್ಕೆ ಎಳೆಯಿತು, ಲಾರಿಯ ಕಡೆಗೇ. ಅದು ಹೊಳೆದು ಬ್ರೇಕ್ ಒತ್ತಿದ. ಕೆಸರಿನಲ್ಲಿ ಬೈಕ್ ಮಲಗಿತು. ಲಾರಿ ಒಂದು ಮಾರು ದೂರದಲ್ಲಿ ನಿಂತಿತು. ನಾನು ಓಡಿ ಹೋದಾಗ ಬೈಕಿನ ಇಂಡಿಕೇಟರ್ ದೀಪ ಕೆಸರಿನೊಳಗಿಂದಲೇ ಮಿನುಗುತ್ತಿತ್ತು. ಭಾವ ಅಂಗಾತ ಬಿದ್ದಿದ್ದ, ಬಲಗೈ ಇರಬೇಕಾದ ಹಾಗೆ ಇರಲಿಲ್ಲ. "ಎಡಕ್ಕೆ ಹೋದೆನಲ್ಲ ಭಾವ, ಎಡಕ್ಕೆ ಹೋದೆನಲ್ಲ" ಎಂದು ಅದನ್ನೇ ಹೇಳುತ್ತಿದ್ದ.

ಎಲ್ಲಿಂದಲೋ ಒಬ್ಬ ಹೆಂಗಸು ಬಂದಳು. ತಲೆಯ ಮೇಲಿದ್ದ ಗರಿಯ ಟೊಪ್ಪಿ ತೆಗೆದು ಭಾವನ ಮುಖಕ್ಕೆ ಮಳೆ ಬೀಳದಂತೆ ಹಿಡಿದಳು. ನಮ್ಮ ಅಡಕೆ ಹಾಳೆಯ ಮುಟ್ಟಾಳೆಗೆ ಅಗಲವಾದ ಅಂಚು ಕಟ್ಟಿದರೆ ಹೇಗೋ ಹಾಗಿನ ಟೊಪ್ಪಿ. ಆಂಬುಲೆನ್ಸ್ ಬರುವವರೆಗೆ, ಮುಕ್ಕಾಲು ಗಂಟೆ, ತಾನು ನೆನೆಯುತ್ತ ಕುಕ್ಕರುಗಾಲಿನಲ್ಲೇ ಕುಳಿತಿದ್ದಳು. ಅಲ್ಲಿ ಆಂಬುಲೆನ್ಸಿಗೆ 115, ಪೊಲೀಸರಿಗೆ 113. ನನಗೆ ಎರಡೂ ಗೊತ್ತಿರಲಿಲ್ಲ, ಲಾರಿಯವನೇ ಕರೆದ.

ಖಾಮ್ ದುಕ್‌ನ ಸಣ್ಣ ಆಸ್ಪತ್ರೆಯಲ್ಲಿ ಕಟ್ಟು ಹಾಕಿ ದಾ ನಾಂಗಿಗೆ ಕಳುಹಿಸಿದರು. ಮಣಿಕಟ್ಟು ಎರಡು ಕಡೆ ಮುರಿದಿತ್ತು, ಕಾಲರ್ ಎಲುಬಿಗೆ ಪ್ಲೇಟ್ ಹಾಕಬೇಕಿತ್ತು. ಶಸ್ತ್ರಚಿಕಿತ್ಸೆಗೆ ಮೊದಲು ಆರು ಕೋಟಿ ಕಟ್ಟಿ ಎಂದರು. ಕೋಟಿ ಎಂದ ಕೂಡಲೇ ನನ್ನ ಕಾಲು ಕುಸಿಯಿತು. ಅಲ್ಲಿನ ಹಣವಾದ ಡಾಂಗ್ ಲೆಕ್ಕದಲ್ಲಿ ಆರು ಕೋಟಿ ಎಂದರೆ ನಮ್ಮ ಎರಡು ಲಕ್ಷ ರೂಪಾಯಿ. ಅದೂ ಕೈಯಲ್ಲಿರಲಿಲ್ಲ. ಎಟಿಎಂ ಒಂದು ಸಲಕ್ಕೆ ಕೊಡುವುದು ಅಲ್ಪಸ್ವಲ್ಪ. ಭಾವನ ಕ್ರೆಡಿಟ್ ಕಾರ್ಡಿನಲ್ಲಿ ವಿದೇಶಿ ವ್ಯವಹಾರ ತೆರೆದೇ ಇರಲಿಲ್ಲ. ಇಡೀ ರಾತ್ರಿ ಮನೆಗೆ, ಮಗಳಿಗೆ, ಬ್ಯಾಂಕಿಗೆ ಫೋನು. ಹೆಂಡತಿಗೆ "ಅಣ್ಣ ಬಿದ್ದಿದ್ದಾನೆ" ಎಂದು ಹೇಳಿದ್ದು ಆ ರಾತ್ರಿಯ ಅತಿ ಕಷ್ಟದ ಕೆಲಸ.

ವಿಮೆ ಇದೆಯಲ್ಲ ಎಂಬ ಒಂದೇ ಧೈರ್ಯವಿತ್ತು. ಎಲ್ಲ ರಸೀದಿ, ಎಕ್ಸ್‌ರೇ, ಪೊಲೀಸ್ ವರದಿ ಜೋಪಾನ ಮಾಡಿ ತಂದು ಕೊಟ್ಟೆವು. ಒಟ್ಟು ಖರ್ಚು ಸುಮಾರು 2,90,000 ರೂಪಾಯಿ. ಏಳು ವಾರಗಳ ಮೇಲೆ ಎರಡು ಸಾಲಿನ ಉತ್ತರ ಬಂತು: ಅಪಘಾತದ ಸಮಯದಲ್ಲಿ ಆ ದೇಶದಲ್ಲಿ ಸಿಂಧುವಾದ ಚಾಲನಾ ಪರವಾನಗಿ ಇರಲಿಲ್ಲವಾದ ಕಾರಣ ತಿರಸ್ಕರಿಸಲಾಗಿದೆ. ಪಾಲಿಸಿಯ ಇಪ್ಪತ್ತೇಳನೆಯ ಪುಟದಲ್ಲಿ ಆ ಷರತ್ತು ಇತ್ತು. ಸಿಟ್ಟು ಬಂತು, ವಾದಿಸಲು ಏನೂ ಉಳಿದಿರಲಿಲ್ಲ. ಪೊಲೀಸ್ ವರದಿಯಲ್ಲೇ 1949 ಎಂದು ಬರೆದಿತ್ತು.

ಪಾಸ್‌ಪೋರ್ಟಿನ ಕತೆ ಇನ್ನೂ ಇದೆ. ಅವು ಒಂಬೈನೂರಕ್ಕೂ ಹೆಚ್ಚು ಕಿಲೋಮೀಟರ್ ದಕ್ಷಿಣದ ಆ ಡ್ರಾಯರಿನಲ್ಲಿದ್ದವು. ಪಾಸ್‌ಪೋರ್ಟ್ ಇಲ್ಲದೆ ದೇಶದೊಳಗಿನ ವಿಮಾನವನ್ನೂ ಹತ್ತಿಸುವುದಿಲ್ಲ. ಬರೀ ನಕಲು ನೋಡಿ ಎರಡು ವಸತಿಗೃಹದವರು ಕೋಣೆ ಇಲ್ಲ ಎಂದರು. ಭಾವನನ್ನು ಆಸ್ಪತ್ರೆಯಲ್ಲಿ ಬಿಟ್ಟು ನಾನು ಮಲಗುವ ಬಸ್ಸಿನಲ್ಲಿ ಒಂದು ರಾತ್ರಿ, ಅರ್ಧ ಹಗಲು ಪ್ರಯಾಣ ಮಾಡಿದೆ. ಅಂಗಡಿಯವನು ಹಾನಿಯ ಪಟ್ಟಿ ಕೈಗಿಟ್ಟ: 1.8 ಕೋಟಿ ಡಾಂಗ್, ಸುಮಾರು 60,000 ರೂಪಾಯಿ. ಮುರಿದ ಹೆಡ್‌ಲೈಟ್, ಫೋರ್ಕ್ ಸರಿ. ಆದರೆ ನಾವು ತೆಗೆದುಕೊಳ್ಳುವಾಗಲೇ ಸೀಳಿದ್ದ ಸೀಟು ಕೂಡ ಅದರಲ್ಲಿತ್ತು. ಬೈಕಿನ ಫೋಟೊ ನಾವು ತೆಗೆದಿಟ್ಟಿರಲಿಲ್ಲ. ನಮ್ಮ 1967ರ ಪಾಸ್‌ಪೋರ್ಟ್ ಕಾಯಿದೆಯಲ್ಲಿ ಪಾಸ್‌ಪೋರ್ಟ್ ಕೇಂದ್ರ ಸರ್ಕಾರದ ಸ್ವತ್ತು ಎಂದಿದೆ. ಅದನ್ನು ಅಡವಿಡಲು ನನಗೂ ಹಕ್ಕಿಲ್ಲ, ಇಟ್ಟುಕೊಳ್ಳಲು ನಿನಗೂ ಇಲ್ಲ, ಇದೇ ನಗರದಲ್ಲಿರುವ ನಮ್ಮ ದೂತಾವಾಸಕ್ಕೆ ಈಗಲೇ ಹೋಗುತ್ತೇನೆ ಎಂದು ಮೊಬೈಲಿಗೆ ಹೇಳಿ ಅವನ ಭಾಷೆಯಲ್ಲಿ ಕೇಳಿಸಿದೆ. 1.2 ಕೋಟಿಗೆ ಇಳಿದ. ಕೊಟ್ಟು ಬಂದೆ.

ಈಗ ಹೋಗುವವರಿಗೆ ಪರಿಸ್ಥಿತಿ ಇನ್ನೂ ಬಿಗಿ. 2025ರ ಜನವರಿ 1ರಿಂದ ಅಲ್ಲಿನ ಸಂಚಾರ ದಂಡಗಳು ಎಷ್ಟೋ ಪಟ್ಟು ಏರಿವೆ. ಬೈಕಿನಲ್ಲಿ ಕೆಂಪು ದೀಪ ದಾಟಿದರೆ 40ರಿಂದ 60 ಲಕ್ಷ ಡಾಂಗ್; 125 ಸಿಸಿಗಿಂತ ದೊಡ್ಡ ಬೈಕನ್ನು ಸಿಂಧು ಲೈಸೆನ್ಸ್ ಇಲ್ಲದೆ ಓಡಿಸಿದರೆ 60ರಿಂದ 80 ಲಕ್ಷ. ಕೈ ಬೀಸಿ ಕಳುಹಿಸುವ ಅಧಿಕಾರಿ ನಿಮಗೆ ಸಿಗುತ್ತಾನೆಂದು ನಂಬಬೇಡಿ.

ಮದುವೆಮನೆಯ ಹುಡುಗ ಕೇಳಿದ್ದು, "ಹಾಗಾದರೆ ಹೋಗುವುದೇ ಬೇಡವೇ ಮಾವ?" ಹೋಗಲಿ. ಅಲ್ಲಿ 'ಈಸಿ ರೈಡರ್' ಎಂದು ಕರೆಯುವ ಸ್ಥಳೀಯ ಸವಾರರಿದ್ದಾರೆ, ಹಿಂದೆ ಕೂರಿಸಿಕೊಂಡು ಊರೂರು ಸುತ್ತಿಸುತ್ತಾರೆ. ಹಿಂದಿನ ಸೀಟಿನವನಿಗೆ ಲೈಸೆನ್ಸ್ ಬೇಡ. ಹಿಂದಿನ ಸೀಟಿನವನ ಗಾಯಕ್ಕೂ ವಿಮೆ ಇದೆಯೇ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ತರಿಸಿಕೊಳ್ಳಲಿ. ಹ್ಯಾಂಡಲ್ ತನ್ನ ಕೈಯಲ್ಲೇ ಇರಬೇಕೆಂಬ ಹಟವಿದ್ದರೆ ಥಾಯ್ಲೆಂಡಿಗೆ ಹೋಗಲಿ. ಆ ದೇಶ ಎರಡೂ ಒಪ್ಪಂದಗಳಲ್ಲಿದೆ, ಅಲ್ಲಿ ವಾಹನ ಓಡುವುದೂ ನಮ್ಮ ಹಾಗೆ ಎಡಬದಿಯಲ್ಲಿ. ಪುಸ್ತಿಕೆಯಲ್ಲಿ ದ್ವಿಚಕ್ರ ವಾಹನದ ವರ್ಗಕ್ಕೆ ಮುದ್ರೆ ಬಿದ್ದಿದೆಯೇ ಎಂದು ಮಾತ್ರ ನೋಡಿಕೊಳ್ಳಬೇಕು. ಹುಡುಗನ ಪುಸ್ತಿಕೆಯಲ್ಲಿ ಬಿದ್ದಿರುವುದು ಕಾರಿನದ್ದು ಮಾತ್ರ.