2016ರ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್: ಬದಿಯಡ್ಕದ ಮನೆಯೊಂದರ ಅನುಭವ

ನಮ್ಮ ಮನೆಯ ಲ್ಯಾಪ್‌ಟಾಪ್ 2016ರ ಕೊನೆಯಲ್ಲಿ ಕೊಂಡದ್ದು. ಇಂಟೆಲ್‌ನ ಆರನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್ ಮತ್ತು ತಿರುಗುವ ಹಾರ್ಡ್ ಡಿಸ್ಕ್ ಇರುವ ಸಾಧಾರಣ ಯಂತ್ರ. ಊರಿನ ತಾಳಮದ್ದಳೆ ಸಂಘದ ಆಮಂತ್ರಣ ಪತ್ರಿಕೆಗಳು, ವಾಚನಾಲಯದ ನಡಾವಳಿಗಳು, ಅಡಕೆ ತೋಟದ ಲೆಕ್ಕ, ಇವೆಲ್ಲ ಇದರಲ್ಲಿಯೇ ಇವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಾಗ, ಈ ಯಂತ್ರವನ್ನು ಏನು ಮಾಡುವುದು ಎಂಬ ಪ್ರಶ್ನೆ ನಮ್ಮ ಮುಂದೆಯೂ ಬಂದಿತು. ಕೊನೆಗೆ ವಿಂಡೋಸ್‌ನ ಬದಲಿಗೆ ಬಳಸಬಹುದಾದ ಉಚಿತ ಕಾರ್ಯಾಚರಣೆ ವ್ಯವಸ್ಥೆಯಾದ ಲಿನಕ್ಸ್ ಮಿಂಟ್ 22ರ, ಹಳೆಯ ಯಂತ್ರಗಳಿಗೂ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಹಾಕಿಕೊಂಡೆವು. ಅದನ್ನು ಕೆಲವು ತಿಂಗಳು ದಿನವೂ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ವಿಂಡೋಸ್ 11ರ ದಾರಿ ಬೇಗನೆ ಮುಚ್ಚಿತು. ಅದು ಕೇಳುವ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ನಮ್ಮ ಯಂತ್ರದ ಬಯಾಸ್‌ನಲ್ಲಿ (ಆರಂಭದ ಸೆಟ್ಟಿಂಗ್‌ಗಳಲ್ಲಿ) ಪಿಟಿಟಿ ಎಂಬ ಹೆಸರಿನಲ್ಲಿ ಇತ್ತು. ಅದನ್ನು ಚಾಲೂ ಮಾಡಿದ್ದೂ ಆಯಿತು. ಆದರೆ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಈಚಿನವುಗಳಿಗೆ ಮಾತ್ರ ಮಾನ್ಯತೆ ಇರುವುದರಿಂದ, ಪರೀಕ್ಷಿಸುವ ತಂತ್ರಾಂಶವು ನಮ್ಮ ಯಂತ್ರ ಅರ್ಹವಲ್ಲವೆಂದೇ ಹೇಳಿತು. ಪೇಟೆಯ ರಿಪೇರಿ ಅಂಗಡಿಯೊಂದರಲ್ಲಿ ಈ ತಪಾಸಣೆಯನ್ನು ತಪ್ಪಿಸಿ ಹಾಕಿಕೊಡುತ್ತೇವೆ ಎಂದರು. ಹಾಗೆ ಹಾಕಿದ ಯಂತ್ರಗಳಿಗೆ ಅಪ್‌ಡೇಟ್‌ಗಳ ಖಾತರಿ ಇಲ್ಲವೆಂದು ಮೈಕ್ರೋಸಾಫ್ಟೇ ತಿಳಿಸಿದೆ. ಭದ್ರತೆಗಾಗಿ ಬದಲಾಯಿಸಲು ಹೊರಟವರು ಭದ್ರತೆಯ ಖಾತರಿಯನ್ನೇ ಬಿಟ್ಟುಕೊಡುವುದು ನನಗೆ ಒಪ್ಪಿಗೆಯಾಗಲಿಲ್ಲ. ವಿಂಡೋಸ್ 10ರಲ್ಲಿಯೇ ಉಳಿಯುವವರಿಗೆ 2026ರ ಅಕ್ಟೋಬರ್ 13ರವರೆಗೆ ವಿಸ್ತರಿತ ಭದ್ರತಾ ಅಪ್‌ಡೇಟ್‌ಗಳ ಯೋಜನೆ ಪ್ರಕಟವಾಗಿತ್ತು. ಮೈಕ್ರೋಸಾಫ್ಟ್ ಖಾತೆಯ ಮೂಲಕ ಸೆಟ್ಟಿಂಗ್‌ಗಳನ್ನು ಬ್ಯಾಕಪ್ ಮಾಡಿಕೊಳ್ಳುವವರಿಗೆ ಅದು ಉಚಿತ. ಒಂದು ವರ್ಷದ ಬಿಡುವು ಬೇಕಾದವರಿಗೆ ಅದು ಯೋಗ್ಯವಾದ ಏರ್ಪಾಡೇ.

ನಮ್ಮಂಥವರಿಗೆ ನಿಜವಾದ ತೊಡಕು ಇರುವುದು ಬೇರೆ ಕಡೆ. ವರ್ಷಗಟ್ಟಲೆ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದವರ ಹಳೆಯ ಕಡತಗಳಲ್ಲಿರುವುದು ಯೂನಿಕೋಡ್, ಅಂದರೆ ಕನ್ನಡದ ಅಕ್ಷರಗಳಿಗೇ ಪ್ರತ್ಯೇಕ ಸಂಕೇತಗಳಿರುವ ಇಂದಿನ ಪದ್ಧತಿ, ಅಲ್ಲ. ರೋಮನ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ರೂಪ ತೊಡಿಸಿದ ಫಾಂಟ್‌ನ ಬರಹ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ‘ಕನ್ನಡ’ ಎಂಬ ಮೂರಕ್ಷರವೇ ತಲೆಯ ಮೇಲೆ ಗೀಟು ಹೊತ್ತ ರೋಮನ್ ಅಕ್ಷರಗಳ ಸಾಲಾಗಿ, ನಡುವೆ ಇಂಗ್ಲೆಂಡಿನ ಪೌಂಡ್ ಚಿಹ್ನೆಯೊಂದನ್ನು ಇಟ್ಟುಕೊಂಡು ಕಾಣಿಸುತ್ತದೆ. ಮಿಂಟ್ ಹಾಕಿದ ಮೊದಲ ದಿನ 2017ರ ನಡಾವಳಿಯನ್ನು ತೆರೆದಾಗ ಪುಟದ ತುಂಬ ಇಂಥದೇ ಸಾಲುಗಳನ್ನು ಕಂಡು ಎದೆ ಧಸಕ್ಕೆಂದಿತು. ಹಳೆಯ ಡಿಸ್ಕಿನಿಂದ ನುಡಿಯ ಫಾಂಟ್ ಕಡತಗಳನ್ನು ತಂದು ಹಾಕಿದೊಡನೆ ಲಿಬ್ರೆಆಫೀಸ್ ಎಂಬ ಉಚಿತ ಕಚೇರಿ ತಂತ್ರಾಂಶದಲ್ಲಿ ಎಲ್ಲವೂ ಓದುವಂತಾಯಿತು. ಆದರೆ ಅದು ಓದಲಿಕ್ಕೆ ಮಾತ್ರ. ತಿದ್ದಬೇಕಾದ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಲೇಬೇಕು, ಪರಿವರ್ತಿಸಿದ ಮೇಲೆ ಒಂದೊಂದು ಪುಟವನ್ನೂ ಓದಿ ನೋಡಬೇಕು. ನಮ್ಮಲ್ಲಿ ಅಲ್ಲಲ್ಲಿ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಿಗಿದಿತ್ತು, ಕೆಲವು ಅಂಕಿಗಳು ಅಕ್ಷರಗಳಾಗಿದ್ದವು. ಆದ್ದರಿಂದ ಈ ಕೆಲಸವನ್ನು ವಿಂಡೋಸ್ ಇನ್ನೂ ಇರುವಾಗಲೇ ಮುಗಿಸಿಕೊಳ್ಳಿ ಎಂದು ಒತ್ತಿ ಹೇಳುತ್ತೇನೆ.

ಹೊಸದಾಗಿ ಬರೆಯುವುದಕ್ಕೆ ಯಾವ ಅಡ್ಡಿಯೂ ಆಗಲಿಲ್ಲ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ನುಡಿಯಲ್ಲಿ ಬಳಸುತ್ತಿದ್ದ ಕಗಪ ಎಂಬ ಕನ್ನಡ ಕೀಲಿ ವಿನ್ಯಾಸ ಮೊದಲೇ ಇದೆ, ಪ್ರತ್ಯೇಕ ತಂತ್ರಾಂಶ ಬೇಡ. ಒತ್ತಕ್ಷರಕ್ಕೆ ‘ಎಫ್’ ಕೀಲಿಗೆ ಹೋಗುವ ಬೆರಳಿನ ಅಭ್ಯಾಸವನ್ನು ಬದಲಿಸಬೇಕಾಗಿ ಬರಲಿಲ್ಲ. ಕೇರಳದ ಗಡಿನಾಡಾದ ಕಾಸರಗೋಡಿನಲ್ಲಿರುವ ನಮಗೆ ಪಂಚಾಯತಿನ ಕಾಗದಪತ್ರಗಳಿಗಾಗಿ ಮಲಯಾಳವೂ ಬೇಕು. ಎರಡೂ ಲಿಪಿಗಳು ಒಂದೇ ಪುಟದಲ್ಲಿ ಅಚ್ಚುಕಟ್ಟಾಗಿ ಮೂಡುತ್ತವೆ.

ಮನೆಯಲ್ಲಿ ಇದಕ್ಕೆ ಎಲ್ಲರಿಗಿಂತ ಮೊದಲು ಒಗ್ಗಿಕೊಂಡವಳು ಕನ್ನಡ ಮಾಧ್ಯಮದ ಹೈಸ್ಕೂಲಿಗೆ ಹೋಗುವ ಮಗಳು. ಕೇರಳದ ಶಾಲೆಗಳಲ್ಲಿ ಐಟಿ ಪಾಠ ಬಹುಕಾಲದಿಂದ ಲಿನಕ್ಸ್‌ನಲ್ಲಿಯೇ ನಡೆಯುತ್ತಿದೆ. ಹಿಂದೆ ಐಟಿ ಅಟ್ ಸ್ಕೂಲ್ ಎಂದಿದ್ದ, ಈಗ ಕೈಟ್ ಎಂಬ ಹೆಸರಿನ ಸಂಸ್ಥೆಯು ಉಬುಂಟು ಎಂಬ ಲಿನಕ್ಸ್ ಆವೃತ್ತಿಯ ಆಧಾರದ ಮೇಲೆ ತನ್ನದೇ ಆವೃತ್ತಿಯನ್ನು ಸಿದ್ಧಪಡಿಸಿ ಶಾಲೆಗಳಿಗೆ ಕೊಡುತ್ತದೆ. ಮಿಂಟ್ ಕೂಡ ಉಬುಂಟುವಿನ ಮೇಲೆಯೇ ನಿಂತಿರುವುದರಿಂದ ಅವಳಿಗೆ ಇದು ತರಗತಿಯ ಯಂತ್ರದಂತೆಯೇ ಕಂಡಿತು. ಕಾಸರಗೋಡಿನ ಮನೆಗಳಲ್ಲಿ ಲಿನಕ್ಸ್ ಎಂದರೆ ಅಂಜುವವರು ಒಮ್ಮೆ ಮಕ್ಕಳನ್ನು ಕೇಳಿ ನೋಡಬೇಕು.

ವೇಗದ ವಿಷಯದಲ್ಲಿ ಎಲ್ಲ ಶ್ರೇಯಸ್ಸನ್ನೂ ಮಿಂಟ್‌ಗೆ ಕೊಡುವುದು ನ್ಯಾಯವಲ್ಲ. ಹಾರ್ಡ್ ಡಿಸ್ಕನ್ನು ತೆಗೆದು ತಿರುಗುವ ಭಾಗಗಳಿಲ್ಲದ, ಹೆಚ್ಚು ವೇಗದ 240 ಜಿಬಿಯ ಎಸ್‌ಎಸ್‌ಡಿ ಹಾಕಿಸಿದೆವು, ರ‍್ಯಾಮ್ ಅನ್ನು 8 ಜಿಬಿಗೆ ಏರಿಸಿದೆವು. ಮೊದಲು ಗುಂಡಿ ಒತ್ತಿ ಚಹಾ ಮಾಡಿಕೊಂಡು ಬರುವಷ್ಟು ಸಮಯ ಹಿಡಿಯುತ್ತಿದ್ದ ಯಂತ್ರ ಈಗ ಅರ್ಧ ನಿಮಿಷದೊಳಗೆ ಸಿದ್ಧವಾಗುತ್ತದೆ. ಇದರಲ್ಲಿ ದೊಡ್ಡ ಪಾಲು ಎಸ್‌ಎಸ್‌ಡಿಯದು.

ಕೊರತೆಗಳೂ ಇವೆ. ನಮ್ಮ ಹಳೆಯ ಲೇಸರ್ ಪ್ರಿಂಟರ್ ಎರಡು ಸಂಜೆ ಸತಾಯಿಸಿದ ಮೇಲೆಯೇ ಕೆಲಸ ಮಾಡಿತು. ಪುಟವಿನ್ಯಾಸದ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್‌ನ ಕಡತಗಳನ್ನು ಇಲ್ಲಿ ತೆರೆಯುವ ಭರವಸೆ ಇಟ್ಟುಕೊಳ್ಳಬಾರದು. ಪ್ರೆಸ್ಸಿನವರೊಂದಿಗೆ ಪೇಜ್‌ಮೇಕರ್‌ನಲ್ಲಿಯೇ ವ್ಯವಹರಿಸಬೇಕಾದವರು ವಿಂಡೋಸ್ ಬಿಡದಿರುವುದೇ ಕ್ಷೇಮ. ತೆರಿಗೆ ಕೆಲಸಕ್ಕೆ ಡಿಜಿಟಲ್ ಸಹಿಯ ಟೋಕನ್ ಬಳಸುವವರೂ ಅದರ ಡ್ರೈವರ್ ಲಿನಕ್ಸ್‌ಗೆ ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು.

ಮಿಂಟ್ ಅನ್ನು ಪೆನ್‌ಡ್ರೈವ್‌ಗೆ ಬರೆದುಕೊಂಡು, ಡಿಸ್ಕಿಗೆ ಕೈಹಚ್ಚದೆ ಅದರಿಂದಲೇ ನಡೆಸಿ ನೋಡಬಹುದು. ವೈಫೈ, ಸೌಂಡ್, ಪ್ರಿಂಟರ್‌ಗಳನ್ನು ಆಗಲೇ ಪರೀಕ್ಷಿಸಿಕೊಳ್ಳಿ. ಬ್ಯಾಟರಿ ನಿಲ್ಲದ ಹಳೆಯ ಲ್ಯಾಪ್‌ಟಾಪ್ ಆಗಿದ್ದರೆ, ತುಲಾ ತಿಂಗಳ ಗುಡುಗು ಮಳೆಯ ಮಧ್ಯಾಹ್ನ ಮಿಂಟ್ ಅನ್ನು ಡಿಸ್ಕಿಗೆ ಹಾಕುವ ಕೆಲಸಕ್ಕೆ ಕೂರಬೇಡಿ. ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ನಾವು ಬೆಳಿಗ್ಗೆ ಎಂಟಕ್ಕೆ ಕುಳಿತು ಹತ್ತರೊಳಗೆ ಮುಗಿಸಿದೆವು.

ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್‌ಗಳಿವೆ. ತೆಗೆದಿಟ್ಟ ಹಾರ್ಡ್ ಡಿಸ್ಕನ್ನು ಯುಎಸ್‌ಬಿ ಪೆಟ್ಟಿಗೆಯೊಳಗೆ ಹಾಕಿ ಕಪಾಟಿನಲ್ಲಿ ಇಟ್ಟಿದ್ದೇನೆ. ವಾಚನಾಲಯದ ನಡಾವಳಿಗಳಲ್ಲಿ 2019ರವರೆಗಿನವು ಯೂನಿಕೋಡಿಗೆ ಬಂದಿವೆ. ಉಳಿದವುಗಳ ಅರ್ಕಾವತ್ತುಗಳನ್ನು ಭಾನುವಾರಗಳಂದು ಮಗಳೂ ನಾನೂ ತಿದ್ದುತ್ತಿದ್ದೇವೆ.