ಕೊಲೆಗಾರ ಯಾರೆಂದು ಗೊತ್ತಿದ್ದೂ ಮತ್ತೆ ಓದಿಸಿಕೊಳ್ಳುವ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’

ಪತ್ತೇದಾರಿ ಪುಸ್ತಕದ ಆಯುಷ್ಯ ಸಾಮಾನ್ಯವಾಗಿ ಒಂದೇ ಓದು. ಗುಟ್ಟು ತಿಳಿದ ಮೇಲೆ ರದ್ದಿಗೆ. ಅಗಾಥಾ ಕ್ರಿಸ್ಟಿಯ 1926ರ ಈ ಕಾದಂಬರಿ ಹಾಗಲ್ಲ, ಎರಡನೇ ಓದಿಗೇ ಇದರ ಕಸುಬು ಕಾಣುವುದು.

ಇಂಗ್ಲೆಂಡಿನ ಕಿಂಗ್ಸ್ ಅಬಟ್ ಎಂಬ ಹಳ್ಳಿ. ಶ್ರೀಮಂತ ವಿಧವೆಯೊಬ್ಬಳು ವೆರೊನಾಲ್ ಎಂಬ ನಿದ್ದೆಮದ್ದು ಹೆಚ್ಚಾಗಿ ಸಾಯುತ್ತಾಳೆ. ಮರುದಿನ ರಾತ್ರಿ ಊರ ಶ್ರೀಮಂತ ರೋಜರ್ ಆಕ್ರಾಯ್ಡ್‌ನ ಕುತ್ತಿಗೆಗೆ ಚೂರಿ. ಕಥೆ ಹೇಳುವವನು ಊರ ಡಾಕ್ಟರ್ ಶೆಪರ್ಡ್. ಪಕ್ಕದ ಮನೆಯಲ್ಲಿ ನಿವೃತ್ತ ಪತ್ತೇದಾರ ಪ್ವಾರೋ ತರಕಾರಿ ಬೆಳೆಯುತ್ತಿದ್ದಾನೆ. ಇಷ್ಟು ಗೊತ್ತಿದ್ದರೆ ಮೊದಲ ಓದಿಗೆ ಸಾಕು. ಮುನ್ನುಡಿ ಇರುವ ಪ್ರತಿಯಾದರೆ ಅದನ್ನು ಕೊನೆಗಿಟ್ಟುಕೊಳ್ಳಿ. ಓದಿರದವರು ಈ ವಿಮರ್ಶೆಯನ್ನೂ ಇಲ್ಲಿಗೇ ಬಿಡಿ, ಮುಂದೆ ಗುಟ್ಟು ಒಡೆದಿದೆ.

ಎರಡನೇ ಸಲ ನಾಲ್ಕನೇ ಅಧ್ಯಾಯವನ್ನು ಪೆನ್ಸಿಲ್ ಹಿಡಿದು ಓದಬೇಕು. ಸತ್ತ ವಿಧವೆ ಬರೆದ ಕಾಗದ ಆಕ್ರಾಯ್ಡ್‌ನ ಕೈಗೆ ಬಂದದ್ದು 8.40ಕ್ಕೆ, ಡಾಕ್ಟರ್ ಅವನ ಕೋಣೆಯಿಂದ ಹೊರಬಿದ್ದದ್ದು 8.50ಕ್ಕೆ. ನಡುವಿನ ಹತ್ತು ನಿಮಿಷ ಏನಾಯಿತೆಂದು ಅವನು ಹೇಳುವುದೇ ಇಲ್ಲ. ಗೇಟು ದಾಟುವಾಗ ಚರ್ಚಿನ ಗಡಿಯಾರ ಒಂಬತ್ತು ಹೊಡೆಯುತ್ತದೆ, ಆದರೆ ಅಲ್ಲಿಗೆ ಐದೇ ನಿಮಿಷದ ನಡಿಗೆ. ಲೆಕ್ಕ ತಪ್ಪಿರುವುದು ಕಣ್ಣೆದುರೇ ಇದ್ದರೂ ಮೊದಲ ಸಲ ಯಾರೂ ಕೂಡಿಸಿ ನೋಡುವುದಿಲ್ಲ. ಬರೆದ ವಾಕ್ಯ ಒಂದೂ ಸುಳ್ಳಲ್ಲ. ಬರೆಯದೆ ಬಿಟ್ಟದ್ದರಲ್ಲೇ ಕೊಲೆ ಇದೆ.

ಸುಳ್ಳು ಡಾಕ್ಟರನ ಸೊತ್ತು ಮಾತ್ರವಲ್ಲ. 9.45ಕ್ಕೆ ದೊಡ್ಡಪ್ಪನಿಗೆ ಗುಡ್‌ನೈಟ್ ಹೇಳಿದೆ ಎನ್ನುವ ಆಕ್ರಾಯ್ಡ್‌ನ ತಮ್ಮನ ಮಗಳು ಫ್ಲೋರಾ ಆ ಕೋಣೆಗೆ ಹೋಗಿಯೇ ಇಲ್ಲ, ಅವನ ಮಲಗುವ ಕೋಣೆಯಿಂದ 40 ಪೌಂಡ್ ಎಗರಿಸಿ ಇಳಿದು ಬರುತ್ತಿದ್ದಳು. ಅವಳ ಈ ಮಾತನ್ನು ನಂಬಿದ ಪೊಲೀಸರು ಸಾವಿನ ಹೊತ್ತನ್ನು ಮುಂದಕ್ಕೆ ತಳ್ಳುತ್ತಾರೆ, ಲಾಭ ಡಾಕ್ಟರಿಗೆ. ಬಟ್ಲರ್ ಪಾರ್ಕರ್, ಕೆಲಸದ ಹುಡುಗಿ ಅರ್ಸುಲಾ, ಒಬ್ಬೊಬ್ಬರೂ ಏನೋ ಒಂದನ್ನು ಬಚ್ಚಿಟ್ಟವರೇ.

ಕೊರತೆ ಇಲ್ಲವೆಂದಲ್ಲ. ಸತ್ತವನ ದನಿ 9.30ಕ್ಕೆ ಕೇಳುವಂತೆ ಮಾಡುವ ಡಿಕ್ಟಫೋನ್ (ಮಾತು ಮುದ್ರಿಸಿಕೊಳ್ಳುವ ಯಂತ್ರ) ಹಂಚಿಕೆ ಸ್ವಲ್ಪ ಯಂತ್ರಚಾಲಿತ ನಾಟಕ. ಕುರ್ಚಿ ಎಳೆದಿಟ್ಟು ಅದನ್ನು ಮರೆಮಾಡಿದ್ದು ಮಾತ್ರ ಚೆನ್ನ. ಮಾಜಾಂಗ್ ಆಟದ ಅಧ್ಯಾಯ ಎಳೆದಂತೆ ಅನಿಸಬಹುದು, ಆದರೆ ಹಳ್ಳಿಯಲ್ಲಿ ಸುದ್ದಿ ಹೇಗೆ ಹಬ್ಬುತ್ತದೆಂದು ತಿಳಿಯಲು ಅದೇ ಬೇಕು. ಡಾಕ್ಟರನ ಅಕ್ಕ ಕ್ಯಾರೊಲಿನ್ ಮನೆ ಬಿಟ್ಟು ಹೊರಡದೆ ಊರಿನ ಸುದ್ದಿಯನ್ನೆಲ್ಲ ಬಲ್ಲವಳು. ಪಕ್ಕದಲ್ಲೇ ಕೂತ ತಮ್ಮನನ್ನು ಬಿಟ್ಟು.

ಡೇವಿಡ್ ಸುಷೆ ನಟಿಸಿದ 2000ದ ಟಿವಿ ರೂಪ ಇದಕ್ಕೆ ಬದಲಿ ಆಗದು. ಹೇಳುವವನ ದನಿಯೇ ಅಲ್ಲಿ ಕೈಬಿಟ್ಟುಹೋಗಿದೆ. ಸಂಕ್ಷಿಪ್ತ ಪ್ರತಿಗಳನ್ನೂ ಕೊಳ್ಳಬೇಡಿ: ಕತ್ತರಿ ಮೊದಲು ಬೀಳುವುದು ಇಂಥ ಗಂಟೆ, ನಿಮಿಷಗಳ ಸಾಲುಗಳ ಮೇಲೇ.