32 ಬಿಟ್‌ನಿಂದ 64 ಬಿಟ್‌ಗೆ ಮೇಲ್ ಸರ್ವರ್: ಮೂರು ದಾರಿ ನೋಡಿ ಒಂದನ್ನು ಹಿಡಿದೆ

ಮೊದಲೇ ಹೇಳಿಬಿಡುತ್ತೇನೆ. ಹೊಸ ಮಷೀನಿಗೆ ಹಳೆಯ ಸರ್ವರಿನಲ್ಲಿದ್ದ ಡೆಬಿಯನ್ (ಲಿನಕ್ಸ್) ಆವೃತ್ತಿಯನ್ನೇ 64 ಬಿಟ್‌ನಲ್ಲಿ ಹಾಕಿ, ಮೇಲ್‌ಡಿರ್ (ಒಂದೊಂದು ಮೇಲ್‌ಗೂ ಒಂದೊಂದು ಫೈಲ್) ಫೋಲ್ಡರುಗಳನ್ನು ಆರ್‌ಸಿಂಕ್ ಎಂಬ ಫೈಲ್ ನಕಲಿಸುವ ಸಾಧನದಿಂದ ಇದ್ದಂತೆಯೇ ಎತ್ತಿ ತಂದದ್ದು ನನಗೆ ಸರಿಹೋದ ದಾರಿ. ಉಳಿದ ಎರಡನ್ನೂ ಮಾಡಿ ನೋಡಿದ್ದೇನೆ. ಅದರಲ್ಲಿ ಒಂದು ಕೈ ಸುಟ್ಟಿತು. ಬೇರೆಯವರಿಗೆ ಹಾಗಾಗಬಾರದು ಎಂದೇ ಇಷ್ಟು ಬರೆಯುತ್ತಿದ್ದೇನೆ.

ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಸಣ್ಣ ಕಾರ್ಖಾನೆಯ ಮೇಲ್ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. 34 ಮೇಲ್‌ಬಾಕ್ಸು, ಸುಮಾರು 210 ಜಿಬಿ. ಮೇಲ್ ಕಳಿಸಲು, ಪಡೆಯಲು ಪೋಸ್ಟ್‌ಫಿಕ್ಸ್, ಬಂದದ್ದನ್ನು ಬಳಕೆದಾರರಿಗೆ ಕೊಡಲು ಡೋವ್‌ಕಾಟ್. ಮಷೀನಿಗೆ 2 ಜಿಬಿ ರ‍್ಯಾಮ್ ಇದ್ದ ಕಾಲದಲ್ಲಿ ಹಾಕಿದ 32 ಬಿಟ್ ಡೆಬಿಯನ್ನೇ ಆವೃತ್ತಿಯಿಂದ ಆವೃತ್ತಿಗೆ ಅಪ್‌ಗ್ರೇಡ್ ಆಗುತ್ತಾ 12ರವರೆಗೆ ಬಂದಿತ್ತು. 2025ರ ಆಗಸ್ಟ್ 9ರಂದು ಡೆಬಿಯನ್ 13 ಬಂತು, ಅಲ್ಲಿಗೆ ದಾರಿ ಮುಚ್ಚಿತು. ಅದರಲ್ಲಿ 32 ಬಿಟ್ ಪಿಸಿಗೆ ಕರ್ನಲ್ಲೂ ಇಲ್ಲ, ಇನ್‌ಸ್ಟಾಲರ್ರೂ ಇಲ್ಲ. ಐ386 (32 ಬಿಟ್ ಪಿಸಿಯ ಡೆಬಿಯನ್) ಬಳಸುತ್ತಿರುವವರು 13ಕ್ಕೆ ಅಪ್‌ಗ್ರೇಡ್ ಮಾಡಬೇಡಿ, 64 ಬಿಟ್‌ನಲ್ಲಿ ಹೊಸದಾಗಿ ಹಾಕಿಕೊಳ್ಳಿ ಎಂದು ಬಿಡುಗಡೆ ಟಿಪ್ಪಣಿಯಲ್ಲೇ ಬರೆದಿದ್ದಾರೆ. ಇದ್ದಲ್ಲೇ ಬದಲಿಸಿಕೊಳ್ಳುವುದು ಸಾಧ್ಯ, ಆದರೆ ಅಪಾಯ ಎಂಬ ಮಾತೂ ಅಲ್ಲಿದೆ.

ಆ ಅಪಾಯದ ದಾರಿಯನ್ನೇ ಮೊದಲು ನೋಡಿದೆ. ಇದಕ್ಕೆ ಕ್ರಾಸ್‌ಗ್ರೇಡ್ ಎನ್ನುತ್ತಾರೆ. ಹಳೆಯ ಪ್ರೊಸೆಸರಿನ ವಿವರದಲ್ಲಿ ಎಲ್‌ಎಂ ಎಂಬ ಫ್ಲ್ಯಾಗ್ ಇತ್ತು, ಅಂದರೆ ಯಂತ್ರಕ್ಕೆ 64 ಬಿಟ್ ಓಡಿಸುವ ಶಕ್ತಿ ಇತ್ತು. ಹೊಸ ಮಷೀನಿನ ಖರ್ಚೇ ಬೇಡವಲ್ಲ ಎಂಬ ಆಸೆ. ಡಿಸ್ಕಿನ ನಕಲು ಮಾಡಿ, ವರ್ಚುವಲ್ ಮಷೀನಿನಲ್ಲಿ ಪ್ರಯೋಗ ಮಾಡಿದೆ. 64 ಬಿಟ್ ಕರ್ನಲ್ ಹಾಕಿ ಬೂಟ್ ಮಾಡುವವರೆಗೆ ಎಲ್ಲ ಸಲೀಸು. ಪ್ಯಾಕೇಜು ಹಾಕುವ ಸಾಧನಗಳಾದ ಡಿಪಿಕೆಜಿ ಮತ್ತು ಎಪಿಟಿಯನ್ನು ಬದಲಿಸಿದ ಮೇಲೆ ಗೋಜಲು ಶುರು. ತೆಗೆದುಹಾಕಬೇಕಾದ ಪ್ಯಾಕೇಜುಗಳೆಂದು ಉದ್ದದ ಪಟ್ಟಿ ಬಂತು, ಅದರಲ್ಲಿ ಪೋಸ್ಟ್‌ಫಿಕ್ಸ್ ಕೂಡ ಇತ್ತು. ಅರ್ಧ ಅದು, ಅರ್ಧ ಇದು ಎಂಬ ಸ್ಥಿತಿಯಲ್ಲಿ ಎರಡು ಸಂಜೆ ಕಳೆದೆ. ಕೊನೆಗೆ ಓಡಿತು, ನಿಜ. ಆದರೆ ನಡುವೆ ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟರೆ ಹಿಂದಕ್ಕೆ ಹೋಗಲು ಹಳೆಯ ಸರ್ವರೇ ಇರುವುದಿಲ್ಲ. ಓಡುತ್ತಿರುವ ಸರ್ವರಿನ ಮೇಲೆ ಇದಕ್ಕೆ ಕೈ ಹಾಕುವ ಧೈರ್ಯ ನನಗಿಲ್ಲ.

ಎರಡನೆಯದು ಹೊಸ ಮಷೀನು, ಅದಕ್ಕೆ ಐಮ್ಯಾಪ್‌ಸಿಂಕ್. ಈ ಸಾಧನ ಹಳೆಯ ಸರ್ವರಿಗೆ ಲಾಗಿನ್ ಆಗಿ ಒಂದೊಂದೇ ಮೇಲ್ ಓದಿ ಹೊಸದಕ್ಕೆ ಬರೆಯುತ್ತದೆ. ಎರಡೂ ಕಡೆ ಐಮ್ಯಾಪ್ (ಮೇಲನ್ನು ಸರ್ವರಿನಲ್ಲೇ ಇಟ್ಟು ಓದುವ ಪದ್ಧತಿ) ಇದ್ದರೆ ಸಾಕು, ಒಳಗೆ ಯಾವ ಸಾಫ್ಟ್‌ವೇರ್ ಇದ್ದರೂ ನಡೆಯುತ್ತದೆ. ಹೊರಗಿನ ಯಾವುದೋ ಸೇವೆಯಿಂದ ಮೇಲ್ ತರುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ನನ್ನ ಮೇಲ್‌ಬಾಕ್ಸ್ ಮತ್ತು ಅಕೌಂಟ್ಸ್ ಮೇಡಂ ಅವರದನ್ನು ಮೊದಲು ದಾಟಿಸಿದೆ. ಅವರದೇ ಎಲ್ಲಕ್ಕಿಂತ ದೊಡ್ಡದು, ಅದು ದಾಟಿದರೆ ಉಳಿದವು ದಾಟಿದಂತೆ ಎಂಬ ಲೆಕ್ಕ. ಎಣಿಕೆ ತಾಳೆಯಾಯಿತು, ಫೋಲ್ಡರ್ ತಾಳೆಯಾಯಿತು. ನಿಶ್ಚಿಂತೆಯಿಂದ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ 9.40ಕ್ಕೆ ಫೋನು. “ಸರ್, ಹಳೇ ಮೇಲ್ ಎಲ್ಲಾ ಮತ್ತ ಬರಾಕತ್ತಾವ ನೋಡ್ರಿ. ಜಿಎಸ್‌ಟಿ ನೋಟಿಸು, ಬ್ಯಾಂಕ್ ಸ್ಟೇಟ್‌ಮೆಂಟು, ಎಲ್ಲಾ ಎರಡೆರಡು.” ಹೋಗಿ ನೋಡಿದರೆ ಪರದೆಯ ಕೆಳಗೆ 11,000 ಮೇಲ್‌ಗಳಲ್ಲಿ 2,300ನೆಯದು ಇಳಿಯುತ್ತಿತ್ತು. ಓದಿ ಮುಗಿಸಿ, ಬಣ್ಣ ಹಚ್ಚಿ ಗುರುತು ಮಾಡಿಟ್ಟುಕೊಂಡಿದ್ದ ಇನ್‌ಬಾಕ್ಸಿನ ತುಂಬ ದಪ್ಪಕ್ಷರದ ಓದದ ಮೇಲ್‌ಗಳು.

ಮೇಡಂ ಬಳಸುವುದು ಪಾಪ್3 (ಮೇಲನ್ನು ತಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳುವ ಪದ್ಧತಿ), ಸರ್ವರಿನಲ್ಲೂ ಒಂದು ಪ್ರತಿ ಉಳಿಸುವ ಸೆಟ್ಟಿಂಗ್. ಈ ವ್ಯವಸ್ಥೆಯಲ್ಲಿ ಪ್ರತಿ ಮೇಲ್‌ಗೂ ಸರ್ವರ್ ಯುಐಡಿಎಲ್ ಎಂಬ ಗುರುತು ಕೊಡುತ್ತದೆ. ಯಾವ ಗುರುತಿನ ಮೇಲ್ ಈಗಾಗಲೇ ಇಳಿದಿದೆ ಎಂಬ ಪಟ್ಟಿ ಕ್ಲೈಂಟಿನ (ಅವರ ಕಂಪ್ಯೂಟರಿನ ಮೇಲ್ ಓದುವ ಸಾಫ್ಟ್‌ವೇರಿನ) ಬಳಿ ಇರುತ್ತದೆ. ಡೋವ್‌ಕಾಟ್ ಬೇರೆ ಹೇಳದಿದ್ದರೆ ಈ ಗುರುತನ್ನು ಮೇಲ್‌ನ ಯುಐಡಿ (ಫೋಲ್ಡರಿನೊಳಗಿನ ಸಂಖ್ಯೆ) ಮತ್ತು ಫೋಲ್ಡರಿನ ಯುಐಡಿವ್ಯಾಲಿಡಿಟಿ ಎಂಬ ಎರಡು ಸಂಖ್ಯೆ ಸೇರಿಸಿ ಮಾಡುತ್ತದೆ. ಐಮ್ಯಾಪ್ ಮೂಲಕ ಬಂದ ಮೇಲ್ ಹೊಸ ಸರ್ವರಿನ ಕಣ್ಣಿಗೆ ಹೊಸ ಮೇಲೇ, ಅದು ತನ್ನದೇ ಸಂಖ್ಯೆ ಕೊಡುತ್ತದೆ. ಗುರುತು ಬದಲಾಯಿತು, ಕ್ಲೈಂಟ್ ಎಲ್ಲವನ್ನೂ ಮತ್ತೆ ಇಳಿಸಿತು. ಸಾಧನದ ತಪ್ಪಲ್ಲ, ಪಾಪ್3 ಬಳಸುವವರು ಯಾರು ಎಂದು ಮೊದಲು ವಿಚಾರಿಸದ ನನ್ನ ತಪ್ಪು.

ಗಾಬರಿಯಲ್ಲಿ ಇನ್ನೊಂದು ಮಾಡಿದೆ. ಅವರ ಕಂಪ್ಯೂಟರನ್ನು ಮತ್ತೆ ಹಳೆಯ ಸರ್ವರಿಗೆ ತಿರುಗಿಸಿದೆ. ಆಗ ಮೂರನೆಯ ಪ್ರತಿ ಇಳಿಯತೊಡಗಿತು! ಸರ್ವರಿನಲ್ಲಿ ಕಾಣದ ಹಳೆಯ ಗುರುತುಗಳನ್ನು ಕ್ಲೈಂಟ್ ಅಷ್ಟರಲ್ಲಿ ತನ್ನ ಪಟ್ಟಿಯಿಂದ ಅಳಿಸಿಬಿಟ್ಟಿತ್ತು. ನೆಟ್‌ವರ್ಕ್ ಕೇಬಲ್ ಕಿತ್ತು, ಹಿಂದಿನ ರಾತ್ರಿಯ ಬ್ಯಾಕಪ್‌ನಿಂದ ಅವರ ಪ್ರೊಫೈಲ್ ಫೋಲ್ಡರನ್ನೇ ವಾಪಸ್ ಹಾಕಿದೆ. ಅದರೊಳಗೆ ಹಳೆಯ ಪಟ್ಟಿಯೂ ಇದ್ದದ್ದರಿಂದ ಎಲ್ಲ ಮೊದಲಿನಂತಾಯಿತು. ಆ ಬ್ಯಾಕಪ್ ಇಲ್ಲದಿದ್ದರೆ ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಆ ಸಂಜೆ ಕೂತು ಅವರ ಮೇಲ್‌ಡಿರ್ ಒಳಗಿನ ಡೋವ್‌ಕಾಟ್-ಯುಐಡಿಲಿಸ್ಟ್ ಎಂಬ ಫೈಲನ್ನು ತೆರೆದೆ. ಬರೀ ಅಕ್ಷರಗಳ ಫೈಲು. ಮೊದಲ ಸಾಲಿನಲ್ಲಿ 3 ಎಂಬ ಅಂಕಿ, ಆಮೇಲೆ ವಿ ಅಕ್ಷರಕ್ಕೆ ಅಂಟಿಕೊಂಡು 1302068437, ಅದರ ಪಕ್ಕ ಎನ್ ಜೊತೆ ಮುಂದಿನ ಯುಐಡಿ. ಕೆಳಗೆ ಸಾಲಿಗೊಂದು ಮೇಲ್. ವಿ ಪಕ್ಕದ ಸಂಖ್ಯೆಯೇ ಯುಐಡಿವ್ಯಾಲಿಡಿಟಿ, ಸಾಮಾನ್ಯವಾಗಿ ಅದು ಮೇಲ್‌ಬಾಕ್ಸ್ ಹುಟ್ಟಿದ ಗಳಿಗೆ. ಡೇಟ್ ಕಮ್ಯಾಂಡಿಗೆ ಕೊಟ್ಟು ನೋಡಿದೆ: 2011ರ ಏಪ್ರಿಲ್ 6, ಬೆಳಿಗ್ಗೆ 11.10. ವಾಂಖೆಡೆಯಲ್ಲಿ ವಿಶ್ವಕಪ್ ಗೆದ್ದು ನಾಲ್ಕೇ ದಿನವಾಗಿದ್ದ ಬುಧವಾರ. ಈ ಸಣ್ಣ ಫೈಲು ಮೇಲ್‌ಗಳ ಜೊತೆಗೇ ಬಂದರೆ ಸಾಕು, ಗುರುತು ಕೆಡುವುದಿಲ್ಲ ಎಂದು ಆಗ ಮನವರಿಕೆಯಾಯಿತು.

ಮೂರನೆಯ ದಾರಿ ಹಿಡಿದದ್ದು ಇದಕ್ಕಾಗಿಯೇ. ಆರ್‌ಸಿಂಕ್ ಮೇಲ್ ಫೈಲುಗಳನ್ನೂ ಯುಐಡಿಲಿಸ್ಟನ್ನೂ ಒಟ್ಟಿಗೆ ತರುತ್ತದೆ, ಯಾರ ಪಾಸ್‌ವರ್ಡೂ ಬೇಡ. ಫೈಲಿನ ಸಮಯ ಉಳಿಸಿಕೊಂಡೇ ತರಬೇಕು, ಮೇಲ್‌ಡಿರ್‌ನಲ್ಲಿ ಮೇಲ್ ಬಂದ ದಿನಾಂಕ ಸಿಗುವುದು ಅಲ್ಲಿಂದಲೇ. ಮೊದಲ ಸುತ್ತು ಹಳೆಯ ಸರ್ವರ್ ಓಡುತ್ತಿರುವಾಗಲೇ ಮಾಡಿದೆ, 9 ಗಂಟೆ ಹಿಡಿಯಿತು. ಕೊನೆಯ ಸುತ್ತು ದೀಪಾವಳಿ ಪಾಡ್ಯದ ರಾತ್ರಿ, ಎರಡೂ ಸೇವೆ ನಿಲ್ಲಿಸಿ: 14 ನಿಮಿಷ. ಕೊನೆಯ ಸುತ್ತಿನಲ್ಲಿ ಡಿಲೀಟ್ ಆಯ್ಕೆಯನ್ನು ಮರೆಯಬೇಡಿ. ಓದಿದ ಮೇಲ್‌ನ ಫೈಲ್ ಹೆಸರು ಮೇಲ್‌ಡಿರ್‌ನಲ್ಲಿ ಬದಲಾಗುತ್ತದೆ. ಮೊದಲ ಸುತ್ತಿನಲ್ಲಿ ಬಂದ ಹಳೆಯ ಹೆಸರಿನ ಫೈಲೂ ಉಳಿದರೆ ಒಂದು ಮೇಲ್ ಎರಡಾಗುತ್ತದೆ.

ಅಷ್ಟು ಹೊತ್ತು ಸರ್ವರ್ ನಿಂತರೆ ಬರುವ ಮೇಲ್ ಕಳೆದುಹೋಗದೇ ಎಂದು ಮಾಲೀಕರು ಕೇಳಿದರು. ಕಳುಹಿಸುವ ಸರ್ವರುಗಳು ಕಾದು ಮತ್ತೆ ಪ್ರಯತ್ನಿಸುತ್ತವೆ, ಪೋಸ್ಟ್‌ಫಿಕ್ಸ್‌ನ ಮೂಲ ಸೆಟ್ಟಿಂಗಿನಲ್ಲಿ 5 ದಿನದವರೆಗೆ. ಅದೇ ಐಪಿ ವಿಳಾಸ ಹೊಸ ಮಷೀನಿಗೆ ಕೊಟ್ಟದ್ದರಿಂದ ಡಿಎನ್‌ಎಸ್ ಮುಟ್ಟಲೇ ಇಲ್ಲ.

ಆರ್ಕಿಟೆಕ್ಚರ್, ಅಂದರೆ 32ರಿಂದ 64 ಬಿಟ್‌ಗೆ, ಬದಲಾದದ್ದು ನಿಜವಾಗಿ ಅಡ್ಡ ಬಂದದ್ದು ಒಂದೇ ಕಡೆ: ಮೇಲ್ ಓಡಾಟದ ಗ್ರಾಫ್ ಇಡುವ ಆರ್‌ಆರ್‌ಡಿ ಫೈಲುಗಳು. ಬೇರೆ ಆರ್ಕಿಟೆಕ್ಚರಿನಲ್ಲಿ ತಯಾರಾದದ್ದು ಎಂದು ತೆರೆಯಲೇ ಇಲ್ಲ. ಹಳೆಯ ಮಷೀನಿನಲ್ಲಿ ಡಂಪ್ ಮಾಡಿ ಎಕ್ಸ್‌ಎಂಎಲ್ ಆಗಿಸಿ, ಹೊಸದರಲ್ಲಿ ರಿಸ್ಟೋರ್ ಮಾಡಬೇಕು. ಹಾಗಾಗಿ ಹಳೆಯದನ್ನು ಗುಜರಿಗೆ ಹಾಕುವ ಆತುರ ಬೇಡ. ಪೋಸ್ಟ್‌ಫಿಕ್ಸ್‌ನ ಪಟ್ಟಿಗಳನ್ನು ಕಟ್ಟುವ ಪೋಸ್ಟ್‌ಮ್ಯಾಪ್ ಇನ್ನೊಮ್ಮೆ ಓಡಿಸಿ, ಸ್ಪ್ಯಾಮ್ ಸೋಸುವ ಸ್ಪ್ಯಾಮ್‌ಅಸ್ಯಾಸಿನ್ ಕಲಿತದ್ದನ್ನು ಅದರದೇ ಬ್ಯಾಕಪ್ ಆಯ್ಕೆಯಿಂದ ತನ್ನಿ. ಮೇಲ್‌ಡಿರ್ ಬಿಟ್ಟು ಬೇರೆ ರೂಪದಲ್ಲಿ ಮೇಲ್ ಇಟ್ಟವರಿಗೆ ಡೋವ್‌ಕಾಟ್‌ನದೇ ಬ್ಯಾಕಪ್ ಕಮ್ಯಾಂಡ್ ಇದೆ, ಅದೂ ಯುಐಡಿ ಉಳಿಸುತ್ತದೆ.

ಖರ್ಚು: ಮಷೀನು ಮತ್ತು ಎರಡು ಎಸ್‌ಎಸ್‌ಡಿ ಸೇರಿ 31,000 ರೂಪಾಯಿ. 34 ಜನಕ್ಕೆ ತಿಂಗಳ ಬಾಡಿಗೆ ಕಟ್ಟಿ ಹೊರಗಿನ ಸೇವೆ ತೆಗೆದುಕೊಳ್ಳಲು ನಮ್ಮ ಮಾಲೀಕರು ಒಪ್ಪುವುದಿಲ್ಲ, ನನಗೂ ಸರ್ವರ್ ಕೈಗೆಟಕುವಲ್ಲಿ ಇದ್ದರೇ ನೆಮ್ಮದಿ.

ಡೆಬಿಯನ್ 13ನ್ನು ಅದೇ ರಾತ್ರಿ ಹಾಕಲಿಲ್ಲ. ಅದರಲ್ಲಿ ಬರುವುದು ಡೋವ್‌ಕಾಟ್ 2.4, ಹಳೆಯ 2.3ರ ಕಾನ್ಫಿಗ್ ಅದಕ್ಕೆ ಹಾಗೇ ಹೊಂದುವುದಿಲ್ಲ. ಮೇಲ್ ಎಲ್ಲಿದೆ ಎಂದು ಹೇಳುವ ಸಾಲೂ ಒಡೆದು ಎರಡಾಗಿದೆ. ಆರ್ಕಿಟೆಕ್ಚರ್, ಆವೃತ್ತಿ ಎರಡನ್ನೂ ಒಟ್ಟಿಗೆ ಬದಲಿಸಿ ಏನಾದರೂ ಕೆಟ್ಟರೆ ಯಾವುದರಿಂದ ಕೆಟ್ಟಿತು ಎಂದು ಹುಡುಕುವುದೇ ಕಷ್ಟ. ಮೂರು ವಾರ ಬಿಟ್ಟು ಮಾಡಿದೆ. ಅಪ್‌ಗ್ರೇಡಿಗೆ ಮುಂಚೆ ಮೇಡಂ ಅವರ ಖಾತೆಗೆ ಲಾಗಿನ್ ಆಗಿ ಯುಐಡಿಎಲ್ ಪಟ್ಟಿ ತೆಗೆದಿಟ್ಟಿದ್ದೆ, ಆಮೇಲಿನದರ ಜೊತೆ ಡಿಫ್ ಮಾಡಿ ಹೋಲಿಸಿದೆ. ಒಂದು ಸಾಲೂ ಬದಲಾಗಿರಲಿಲ್ಲ. ಬೆಳಿಗ್ಗೆ ಅವರ ಇನ್‌ಬಾಕ್ಸಿಗೆ ಇಳಿದದ್ದು ರಾತ್ರಿ ಬಂದಿದ್ದ 7 ಹೊಸ ಮೇಲ್ ಮಾತ್ರ.